ಮರೆವಿನ ಕಾಯಿಲೆಗೆ ತಲೆಗೆ ಕರೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇತ್ತು. ಆರು ವರ್ಷ ನೋಡಿಕೊಂಡೆ. ಆಗ ಓದಿದ್ದು, ಡಾಕ್ಟರುಗಳನ್ನು ಕಾಡಿಸಿ ಕೇಳಿದ್ದು, ಒಂದು ಸಲ ದುಡ್ಡು ಕಳೆದುಕೊಂಡು ಕಲಿತದ್ದು, ಎಲ್ಲ ತಲೆಯಲ್ಲಿ ಉಳಿದಿದೆ. ಈಗ ಅದೇ ದಾರಿಯಲ್ಲಿರುವ ಮನೆಯವರು ಫೋನ್ ಮಾಡುತ್ತಾರೆ, ಕಾಗದ ಬರೆಯುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಹಾಕಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಮನೆಯವರ ವಿಷಯದಲ್ಲಿ ಅವರನ್ನು ಪರೀಕ್ಷೆ ಮಾಡಿದ ಡಾಕ್ಟರ್ ಮಾತೇ ಮುಖ್ಯ.

## ಮೊದಲು ಎಲ್ಲರೂ ಕೇಳುವುದು

ತಲೆಗೆ ಕರೆಂಟ್ ಕೊಟ್ಟರೆ ಹೋದ ನೆನಪು ವಾಪಸ್ ಬರುತ್ತಂತೆ, ನಿಜಾನಾ?

ಇಲ್ಲ. ಹೋದ ನೆನಪನ್ನು ವಾಪಸ್ ತರುವ ಯಂತ್ರ ಇವತ್ತಿನವರೆಗೆ ಬಂದಿಲ್ಲ.

ಹಾಗಂತ ಇದೆಲ್ಲ ಬೊಗಳೆ ಅಂತಲೂ ಅಲ್ಲ. ಮಿದುಳಿಗೆ ಹದವಾಗಿ ಕರೆಂಟ್ ಅಥವಾ ಮ್ಯಾಗ್ನೆಟ್ ಹಾಯಿಸಿದರೆ ಏನೋ ಆಗುತ್ತದೆ ಎನ್ನುವುದಕ್ಕೆ ಆಧಾರವಿದೆ. ಕೆಲವು ಪ್ರಯೋಗಗಳಲ್ಲಿ ಕಾಯಿಲೆ ಕೆಡುವ ವೇಗ ಕಮ್ಮಿಯಾದಂತೆ ಕಂಡಿದೆ. ‘ಏನೋ ಆಗುತ್ತಿದೆ’ ಎನ್ನುವುದು ಒಂದು ಮಾತು, ‘ಅಮ್ಮ ಮತ್ತೆ ಮೊದಲಿನ ಹಾಗೆ ಆಗುತ್ತಾರೆ’ ಎನ್ನುವುದು ಬೇರೆಯೇ ಮಾತು. ಕೆಳಗಿನ ಉತ್ತರಗಳಲ್ಲೆಲ್ಲ ಈ ಎರಡರ ನಡುವಿನ ದೂರವನ್ನೇ ಅಳೆಯುತ್ತಾ ಹೋಗಿದ್ದೇನೆ.

ಇದು ಸಿನಿಮಾದಲ್ಲಿ ತೋರಿಸೋ ಶಾಕ್ ಟ್ರೀಟ್‌ಮೆಂಟೇ ಅಲ್ವಾ? ಕೇಳಿದ್ರೇ ಭಯ ಆಗುತ್ತೆ.

ಅಲ್ಲ. ಶಾಕ್ ಅಂತ ಕರೆಯುವುದು ಇಸಿಟಿಯನ್ನು. ಅದನ್ನು ಮೊದಲು ಮಾಡಿದ್ದು 1938ರಲ್ಲಿ, ರೋಮ್‌ನಲ್ಲಿ. ಅಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಅದಕ್ಕೆ ಸುಮಾರು 800 ಮಿಲಿಆಂಪಿಯರ್ ಕರೆಂಟ್ ಬೇಕು. ತೀವ್ರ ಖಿನ್ನತೆಗೆ ಅದು ಇವತ್ತಿಗೂ ಒಳ್ಳೆಯ ಚಿಕಿತ್ಸೆ. ಅರಿವಳಿಕೆ ಕೊಡದೆ ಮಾಡುವುದನ್ನು ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸಿನಿಮಾದ ಆ ಚೀರಾಟವೆಲ್ಲ ಹಳೇ ಕಥೆ.

ಮರೆವಿಗೆ ಅಂತ ಪ್ರಯೋಗವಾಗುತ್ತಿರುವ, ಒದ್ದೆ ಸ್ಪಾಂಜನ್ನು ತಲೆಗೆ ಕಟ್ಟುವ ಯಂತ್ರದಲ್ಲಿ ಹರಿಯುವುದು ಬರೀ 1–2 ಮಿಲಿಆಂಪಿಯರ್. ನಿಮ್ಮ ಮೊಬೈಲ್ ಚಾರ್ಜರ್ ಮೇಲೆ 2 ಆಂಪಿಯರ್ ಅಂತ ಬರೆದಿರುತ್ತದಲ್ಲ, ಅದರ ಸಾವಿರದಲ್ಲೊಂದು ಪಾಲು. ಇನ್ನೊಂದು ವಿಚಿತ್ರ ಏನೆಂದರೆ, ಇಸಿಟಿ ಆದ ಮೇಲೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ ನೆನಪು ಮಸುಕಾಗುವುದುಂಟು. ಹಾಗಾಗಿ ಮರೆವಿಗೆ ಅಂತ ಇಸಿಟಿಯನ್ನು ಯಾರೂ ಬರೆದುಕೊಡುವುದಿಲ್ಲ.

ಒಬ್ಬರು ಮ್ಯಾಗ್ನೆಟ್ ಅಂತಾರೆ, ಒಬ್ಬರು ಆಪರೇಷನ್ ಅಂತಾರೆ. ಒಟ್ಟು ಎಷ್ಟು ಥರ ಇದೆ?

ಮುಖ್ಯವಾಗಿ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ಡಿಬಿಎಸ್ ಅಂದರೆ ಆಪರೇಷನ್. ತಲೆಬುರುಡೆಗೆ ತೂತು ಕೊರೆದು ತೆಳು ತಂತಿಯನ್ನು ಮಿದುಳಿನ ಆಳಕ್ಕೆ ಇಳಿಸುತ್ತಾರೆ. ಬ್ಯಾಟರಿಯನ್ನು ಎದೆಯ ಚರ್ಮದ ಕೆಳಗೆ ಹೂಳುತ್ತಾರೆ, ಪೇಸ್‌ಮೇಕರ್ ಥರ. ಟಿಎಂಎಸ್ ಅಂದರೆ ಮ್ಯಾಗ್ನೆಟ್. ತಲೆಯ ಹೊರಗೆ ಹಿಡಿದ ತಂತಿಸುರುಳಿಯಲ್ಲಿ ಕರೆಂಟ್ ಚಕ್ಕನೆ ಹರಿದಾಗ ಕಾಂತಕ್ಷೇತ್ರ ಹುಟ್ಟಿ, ಅದು ಬುರುಡೆ ದಾಟಿ ಒಳಗೆ ಸಣ್ಣ ಕರೆಂಟ್ ಹುಟ್ಟಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಗಾರರು ಮಾಡಿ ತೋರಿಸಿದ್ದು. ಮೂರನೆಯದು ಟಿಡಿಸಿಎಸ್. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಾಂಜನ್ನು ತಲೆಗೆ ಪಟ್ಟಿಯಿಂದ ಕಟ್ಟಿ ಬ್ಯಾಟರಿ ಕರೆಂಟ್ ಬಿಡುವುದು. ಇದರದ್ದೇ ತಮ್ಮ ಟಿಎಸಿಎಸ್. ಅದರಲ್ಲಿ ಕರೆಂಟ್ ಅಲೆಅಲೆಯಾಗಿ ಹೋಗುತ್ತದೆ.

ಯಾರಾದರೂ ‘ಬ್ರೇನ್ ಸ್ಟಿಮ್ಯುಲೇಷನ್’ ಅಂತ ಹೇಳಿದರೆ ಮೊದಲು ಕೇಳಬೇಕಾದ್ದು ಇವುಗಳಲ್ಲಿ ಯಾವುದು ಅಂತ. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವವರಿದ್ದಾರೆ.

ಕರೆಂಟಿಗೂ ನೆನಪಿಗೂ ಏನು ಸಂಬಂಧ?

ನರಕೋಶಗಳು ಮಾತಾಡಿಕೊಳ್ಳುವುದೇ ಕರೆಂಟಿನಲ್ಲಿ, ಜೊತೆಗೆ ಒಂದಿಷ್ಟು ರಾಸಾಯನಿಕದಲ್ಲಿ. ಎರಡು ಕೋಶ ಮತ್ತೆ ಮತ್ತೆ ಒಟ್ಟಿಗೆ ಮಿಡಿದರೆ ನಡುವಿನ ಕೊಂಡಿ ಗಟ್ಟಿಯಾಗುತ್ತದೆ. ಹೊಸ ನೆನಪು ಕೂರುವುದಕ್ಕೆ ಕಿವಿಯ ಒಳಭಾಗದ ನೇರಕ್ಕೆ ಮಿದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಬೇಕೇ ಬೇಕು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಫಿಟ್ಸ್ ನಿಲ್ಲಿಸಲು ಆ ಭಾಗವನ್ನು ಎರಡೂ ಕಡೆ ತೆಗೆದರು. ಅವರು 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಮುಖ, ಹೊಸ ಸಂಗತಿ ಯಾವುದೂ ಅವರ ತಲೆಯಲ್ಲಿ ನಿಲ್ಲಲಿಲ್ಲ. ಹಳೆಯದು ಮಾತ್ರ ಇತ್ತು.

ಡಿಮೆನ್ಶಿಯಾಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣವಾದ ಆಲ್ಝೈಮರ್ಸ್ ಕಾಯಿಲೆ ಮೊದಲು ಹಿಡಿಯುವುದೂ ಆ ಸುತ್ತಮುತ್ತಲನ್ನೇ. ಅದಕ್ಕೇ ಅಮ್ಮನಿಗೆ 1962ರಲ್ಲಿ ನಡೆದ ಮದುವೆಯ ಊಟದ ಪಟ್ಟಿ ಬಾಯಿಪಾಠ, ಬೆಳಿಗ್ಗೆ ತಿಂದ ದೋಸೆ ನೆನಪಿಲ್ಲ. ಆ ಜಾಲಕ್ಕೆ ಹೊರಗಿನಿಂದ ಒಂದಿಷ್ಟು ತಾಳ ಹಾಕಿಕೊಟ್ಟರೆ ಉಳಿದ ಕೋಶಗಳು ಸರಿಯಾಗಿ ಮಿಡಿಯಬಹುದಾ ಎನ್ನುವುದು ವಿಜ್ಞಾನಿಗಳ ಆಸೆ. ಸತ್ತ ಕೋಶವನ್ನು ಕರೆಂಟ್ ಎಬ್ಬಿಸುವುದಿಲ್ಲ.

ವಯಸ್ಸಾದ ಮೇಲೆ ಅರಳುಮರಳು ಸಹಜ ತಾನೇ? ಸುಮ್ನೆ ಯಾಕೆ ಆಸ್ಪತ್ರೆ ಸುತ್ತಬೇಕು?

ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಕನ್ನಡಕ ಯಾಕೆ ಬೇಕು ಅಂತ ಮರೆಯುವುದು ಸಹಜ ಅಲ್ಲ. ನಮ್ಮಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನಕ್ಕೆವು. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದಾಗ ನಗು ನಿಂತಿತು.

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಎನ್ನುವುದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಅಂದಾಜು. ಪರೀಕ್ಷೆ ಮಾಡಿಸಬೇಕಾದ ದೊಡ್ಡ ಕಾರಣ ಇನ್ನೊಂದಿದೆ. ಮರೆವೆಲ್ಲ ಆಲ್ಝೈಮರ್ಸ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ವರ್ಷಗಟ್ಟಲೆ ನುಂಗಿದ ನಿದ್ದೆ ಮಾತ್ರೆ, ಬಿದ್ದಾಗ ತಲೆಯೊಳಗೆ ನಿಧಾನಕ್ಕೆ ಕಟ್ಟಿದ ರಕ್ತ, ಇವೂ ಥೇಟ್ ಹಾಗೇ ಕಾಣುತ್ತವೆ. ಇವುಗಳಲ್ಲಿ ಹಲವನ್ನು ಸರಿಮಾಡಬಹುದು. ಮಾಂಸ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಜಾಸ್ತಿ. ಕೆಲವು ನೂರು ರೂಪಾಯಿಯ ರಕ್ತಪರೀಕ್ಷೆ ಮಾಡಿಸದೆ ಸಾವಿರಗಟ್ಟಲೆ ಕೊಟ್ಟು ಮ್ಯಾಗ್ನೆಟ್ ಹಿಡಿಸಿದವರನ್ನು ಕಂಡಿದ್ದೇನೆ.

## ಪ್ರಯೋಗಗಳ ಬಗ್ಗೆ

ಕರೆಂಟ್ ಕೊಟ್ಟರೆ ಮರೆವು ಹೋಗುತ್ತೆ ಅನ್ನೋ ಐಡಿಯಾ ಯಾರಿಗೆ ಬಂತು?

ತಲೆಗೆ ಕರೆಂಟ್ ಕೊಡುವ ಚಪಲ ತುಂಬಾ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಕರೆಂಟ್ ಹೊಡೆಯುವ ಮೀನನ್ನು ಹಣೆಗೆ ಹಿಡಿಸುತ್ತಿದ್ದ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್, ಫಿಟ್ಸ್ ರೋಗಿಗಳ ಮಿದುಳನ್ನು ಎಚ್ಚರದಲ್ಲೇ ಸಣ್ಣ ಕರೆಂಟಿನಿಂದ ಮುಟ್ಟಿದಾಗ ಕೆಲವರು ಹಳೇ ಹಾಡು ಕೇಳಿಸಿತು, ಹಳೇ ದೃಶ್ಯ ಕಂಡಿತು ಎಂದಿದ್ದರು.

ಆದರೆ ಈಗಿನ ಡಿಬಿಎಸ್ ಕಥೆ ಶುರುವಾದದ್ದು ಅಕಸ್ಮಾತ್ತಾಗಿ. ಟೊರೊಂಟೊದಲ್ಲಿ ಆಂಡ್ರೆಸ್ ಲೊಜಾನೊ ತಂಡ ವಿಪರೀತ ದಪ್ಪವಿದ್ದ ಒಬ್ಬರಿಗೆ ಆಪರೇಷನ್ ಮಾಡುತ್ತಿತ್ತು. ಹಸಿವನ್ನು ಹಿಡಿತಕ್ಕೆ ತರಲು ಹೈಪೊಥಾಲಮಸ್‌ಗೆ ತಂತಿ ಇಳಿಸಿದ್ದರು. ರೋಗಿ ಎಚ್ಚರವಾಗಿದ್ದರು. ಕರೆಂಟ್ ಬಿಟ್ಟೊಡನೆ ತಾನು ಗೆಳೆಯರ ಜೊತೆ ಒಂದು ಪಾರ್ಕಿನಲ್ಲಿದ್ದೇನೆ ಅಂದರು. ತನಗೆ ಇಪ್ಪತ್ತರ ವಯಸ್ಸು, ಅಂದಿನ ಗೆಳತಿಯೂ ಅಲ್ಲಿದ್ದಾಳೆ. ಕರೆಂಟ್ ಏರಿಸಿದಷ್ಟೂ ದೃಶ್ಯ ನಿಚ್ಚಳವಾಯಿತು. ತಂತಿಯ ಪಕ್ಕದಲ್ಲೇ ಫಾರ್ನಿಕ್ಸ್ ಎಂಬ ನರದ ಕಟ್ಟು ಹಾದುಹೋಗುತ್ತದೆ. ಅದು ಹಿಪೊಕ್ಯಾಂಪಸ್‌ನಿಂದ ಹೊರಡುವ ಹೆದ್ದಾರಿ. 2008ರಲ್ಲಿ ಈ ಒಬ್ಬ ರೋಗಿಯ ವರದಿ ಅಚ್ಚಾಯಿತು. ಹಸಿವಿಗೆ ಗುರಿಯಿಟ್ಟದ್ದು ನೆನಪಿಗೆ ತಗುಲಿತ್ತು.

ಈ ಕಥೆ ಹೇಳುವಾಗ ಜನ ಒಂದನ್ನು ಮರೆಯುತ್ತಾರೆ. ಆ ಮನುಷ್ಯನಿಗೆ ಡಿಮೆನ್ಶಿಯಾ ಇರಲಿಲ್ಲ.

ಅದಾದ ಮೇಲೆ ಏನಾಯ್ತು? ಮರೆವಿನ ಕಾಯಿಲೆ ಇರೋರಿಗೆ ಮಾಡಿ ನೋಡಿದ್ರಾ?

ನೋಡಿದರು. 2010ರಲ್ಲಿ ಅದೇ ತಂಡ ಆರು ಮಂದಿ ಆಲ್ಝೈಮರ್ಸ್ ರೋಗಿಗಳ ಫಾರ್ನಿಕ್ಸ್‌ಗೆ ಡಿಬಿಎಸ್ ಮಾಡಿದ ವರದಿ ಕೊಟ್ಟಿತು. ಮಿದುಳು ಸಕ್ಕರೆ ಬಳಸುವುದು ಹೆಚ್ಚಿತು, ಅಂದರೆ ಅದರ ಚಟುವಟಿಕೆ ಹೆಚ್ಚಿದ ಸುಳಿವು. ಕೆಲವರಲ್ಲಿ ಕಾಯಿಲೆ ನಿಧಾನವಾದಂತೆ ಕಂಡಿತು. ಪತ್ರಿಕೆಗಳು ಕುಣಿದಾಡಿದವು.

ನಿಜವಾದ ಪರೀಕ್ಷೆ ಆದದ್ದು ಆಮೇಲೆ. ಅಮೆರಿಕ ಮತ್ತು ಕೆನಡಾದಲ್ಲಿ 42 ಮಂದಿಗೆ ಆಪರೇಷನ್ ಮಾಡಿದರು. ಎಲ್ಲರ ತಲೆಯಲ್ಲೂ ತಂತಿ ಇತ್ತು. ಆದರೆ ಅರ್ಧ ಜನರಿಗೆ ಮಾತ್ರ ಒಂದು ವರ್ಷ ಕರೆಂಟ್ ಬಿಟ್ಟರು. ಯಾರಿಗೆ ಅಂತ ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. 2016ರಲ್ಲಿ ಬಂದ ಫಲಿತಾಂಶದಲ್ಲಿ ನೆನಪು, ಬುದ್ಧಿಯ ಅಂಕಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆರು ತಿಂಗಳಿಗೆ ಹೆಚ್ಚಿದ್ದ ಸಕ್ಕರೆ ಬಳಕೆಯೂ ವರ್ಷ ತುಂಬುವಾಗ ಉಳಿಯಲಿಲ್ಲ. 65 ದಾಟಿದವರಿಗೆ ಸ್ವಲ್ಪ ಉಪಯೋಗ ಆಗಿರಬಹುದು, ಅದಕ್ಕಿಂತ ಚಿಕ್ಕವರಿಗೆ ತೊಂದರೆಯೇ ಆಗಿರಬಹುದು ಎನ್ನುವ ಸುಳಿವು ಸಿಕ್ಕಿತು. ಹಾಗಾಗಿ ಮುಂದಿನ ಪ್ರಯೋಗಕ್ಕೆ ವಯಸ್ಸಾದವರನ್ನೇ ಆರಿಸಿಕೊಂಡರು.

ಜರ್ಮನಿಯ ಕಲೋನ್‌ನಲ್ಲಿ ಇನ್ನೊಂದು ಜಾಗಕ್ಕೆ, ನೆನಪಿಗೆ ಬೇಕಾದ ರಾಸಾಯನಿಕ ಕಳಿಸುವ, ಮೈನರ್ಟ್ ಎಂಬ ವೈದ್ಯರ ಹೆಸರಿನ ಕೇಂದ್ರಕ್ಕೆ, ಆರು ಮಂದಿಯಲ್ಲಿ ಡಿಬಿಎಸ್ ಮಾಡಿದ್ದಾರೆ. ಆರು ಮಂದಿಯಿಂದ ಏನನ್ನೂ ಖಚಿತವಾಗಿ ಹೇಳಲಾಗದು.

ರೋಮ್‌ನಲ್ಲಿ ಮ್ಯಾಗ್ನೆಟ್ ಕೊಟ್ಟು ಕಾಯಿಲೆ ನಿಲ್ಲಿಸಿದ್ದಾರೆ ಅಂತ ಓದಿದೆ.

ಈ ಕ್ಷೇತ್ರದಲ್ಲಿ ನನಗೆ ತುಸು ಆಸೆ ಹುಟ್ಟಿಸಿದ್ದು ಇದೇ. ಸಾಂತಾ ಲೂಚಿಯಾ ಸಂಸ್ಥೆಯ ಜಾಕೊಮೊ ಕೋಖ್ ತಂಡ ಪ್ರಿಕ್ಯೂನಿಯಸ್ ಎಂಬ ಜಾಗಕ್ಕೆ ಟಿಎಂಎಸ್ ಕೊಟ್ಟಿತು. ತಲೆಯ ಹಿಂಭಾಗದಲ್ಲಿ, ಎರಡು ಮಿದುಳು ಹೋಳು ಎದುರುಬದುರಾಗುವ ಕಡೆ ಇರುವ ಜಾಗ ಅದು. ಕಾಯಿಲೆ ಬೇಗ ಮುಟ್ಟುವ ಜಾಲದ ನಡುಮನೆ ಅನ್ನಿ. 50 ರೋಗಿಗಳು, 24 ವಾರ. ಮೊದಲ ಎರಡು ವಾರ ಹೆಚ್ಚುಕಡಿಮೆ ದಿನಾ, ಆಮೇಲೆ ವಾರಕ್ಕೊಂದು ಸಲ. 2022ರ ವರದಿ ಪ್ರಕಾರ ನಿಜವಾದ ಮ್ಯಾಗ್ನೆಟ್ ಸಿಕ್ಕವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು, ಬರೀ ಸದ್ದು ಮಾಡುವ ಸುಳ್ಳು ಮ್ಯಾಗ್ನೆಟ್ ಸಿಕ್ಕವರು ಇಳಿದರು. ಅದೇ ತಂಡ ಆಮೇಲೆ 52 ವಾರದವರೆಗೂ ನೋಡಿದೆ.

‘ಇದ್ದಲ್ಲೇ ಇದ್ದರು’ ಎನ್ನುವುದನ್ನು ಗಮನಿಸಿ. ಮೇಲೇರಿದರು ಅಂತಲ್ಲ. ಆದರೂ ಈ ಕಾಯಿಲೆಯಲ್ಲಿ ಆರು ತಿಂಗಳು ಇದ್ದಲ್ಲೇ ಇರುವುದು ಎಷ್ಟು ದೊಡ್ಡದು ಅಂತ ಮನೆಯವರಿಗೆ ಗೊತ್ತು. ಅಷ್ಟೂ ದಿನ ಬಚ್ಚಲಿಗೆ ತಾವೇ ಹೋಗಿಬರುತ್ತಾರೆ ಅಂದರೆ ಸಾಮಾನ್ಯವಾ? ತೊಡಕೆಂದರೆ 50 ಸಣ್ಣ ಸಂಖ್ಯೆ, ತಂಡ ಒಂದೇ. ಬೇರೆ ಊರಿನ ಬೇರೆ ತಂಡಗಳು ನೂರಾರು ಜನರಲ್ಲಿ ಇದನ್ನೇ ಕಾಣಬೇಕು.

40 ಹರ್ಟ್ಜ್ ಲೈಟ್ ನೋಡ್ತಾ ಕೂತರೆ ಮಿದುಳಿನ ಕೊಳೆ ಹೋಗುತ್ತಂತೆ?

ಇಲಿಗಳ ಸುದ್ದಿ ಮನುಷ್ಯರ ಸುದ್ದಿಯಾಗಿ ಓಡಾಡುತ್ತಿದೆ. ಅಮೆರಿಕದ ಎಂಐಟಿಯಲ್ಲಿ ಲೀ-ಹುಯೆ ತ್ಸಾಯ್ ತಂಡ 2016ರಲ್ಲಿ ಸೆಕೆಂಡಿಗೆ 40 ಸಲ ಮಿಣುಕುವ ಬೆಳಕನ್ನು ಇಲಿಗಳಿಗೆ ತೋರಿಸಿದಾಗ ಅಮಿಲಾಯ್ಡ್ (ಆಲ್ಝೈಮರ್ಸ್‌ನಲ್ಲಿ ಮಿದುಳಲ್ಲಿ ಕಟ್ಟಿಕೊಳ್ಳುವ ಪ್ರೋಟೀನ್) ಕಮ್ಮಿಯಾಯಿತು. 2023ರಲ್ಲಿ ನ್ಯೂಯಾರ್ಕಿನ ಇನ್ನೊಂದು ಪ್ರಯೋಗಾಲಯ ಅದೇ ಥರ ಮಾಡಿದಾಗ ಹಾಗಾಗಲಿಲ್ಲ. ಮನುಷ್ಯರಲ್ಲಿ ಉಪಯೋಗ ಇದೆ ಅಂತ ದೊಡ್ಡ ಪರೀಕ್ಷೆಯಲ್ಲಿ ಸಾಬೀತಾಗಬೇಕು. ಅಲ್ಲಿಯವರೆಗೆ ಮಿಣುಕುವ ಬಲ್ಬು ಕೊಂಡು ಹಚ್ಚಬೇಡಿ. ಫಿಟ್ಸ್ ಇರುವವರಿಗೆ ಮಿಣುಕು ಬೆಳಕು ಅಪಾಯವೂ ಹೌದು.

## ಮಾಡಿಸೋಣ ಅನ್ನುವವರಿಗೆ

ಟಿಎಂಎಸ್‌ಗೆ ಕೂರಿಸಿದಾಗ ಹೇಗಿರುತ್ತೆ? ನೋವಾಗುತ್ತಾ?

ದಂತವೈದ್ಯರ ಕುರ್ಚಿಯಂಥ ಕುರ್ಚಿ. ಕಿವಿಗೆ ಹತ್ತಿಯೋ ಪ್ಲಗ್ಗೋ ಇಡುತ್ತಾರೆ. ಎಂಟರ ಆಕಾರದ, ಸೌಟಿನಷ್ಟು ದೊಡ್ಡ ಸುರುಳಿಯನ್ನು ತಲೆಗೆ ಒತ್ತಿ ಹಿಡಿಯುತ್ತಾರೆ. ಮೊದಲು ಒಂದೊಂದೇ ಬಡಿತ ಕೊಟ್ಟು ಹೆಬ್ಬೆರಳು ತಾನಾಗಿ ಮಿಡುಕುವುದನ್ನು ನೋಡುತ್ತಾರೆ. ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕುವುದು ಹಾಗೆ. ಆಮೇಲೆ ಟಕ ಟಕ ಟಕ ಅಂತ ಒಂದು ಸುತ್ತು, ಸ್ವಲ್ಪ ಬಿಡುವು, ಮತ್ತೆ ಒಂದು ಸುತ್ತು. ಮರಕುಟಿಗ ಹಕ್ಕಿ ನೆತ್ತಿ ಮೇಲೆ ಕೂತ ಹಾಗೆ. ನೋವಿಲ್ಲ, ಕಿರಿಕಿರಿ ಇದೆ.

ನಮ್ಮಮ್ಮ ಮೊದಲ ದಿನ ಕೂತಲ್ಲೇ ನನ್ನ ಕಡೆ ತಿರುಗಿ ಹೇಳಿದ್ದು: “ಯಾರೋ ಬಾಗಿಲು ಬಡೀತಿದಾರೆ, ಹೋಗಿ ನೋಡು.”

ನಮ್ಮ ತಂದೆ ಹತ್ತು ಸಿಟ್ಟಿಂಗ್ ಆದ ಮೇಲೆ ಚುರುಕಾದ್ರು. ಕಣ್ಣಾರೆ ನೋಡಿದ್ದೀವಿ. ಅದು ಸುಳ್ಳಾ?

ಚುರುಕಾದದ್ದು ಸುಳ್ಳಲ್ಲ. ಅದಕ್ಕೆ ಮ್ಯಾಗ್ನೆಟ್ಟೇ ಕಾರಣವಾ ಎನ್ನುವುದು ಪ್ರಶ್ನೆ.

ನನ್ನದೇ ಕಥೆ ಹೇಳುತ್ತೇನೆ. ಒಂದು ಕ್ಲಿನಿಕ್‌ನಲ್ಲಿ ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡವಾಗಿ ದುಡ್ಡು ಕಟ್ಟಿದೆ. ಮೊದಲ ವಾರದಲ್ಲೇ ಅಮ್ಮ ಗೆಲುವಾದರು. ದಿನಾ ಬೆಳಿಗ್ಗೆ ಸೀರೆ ಉಟ್ಟು, ಹೂ ಮುಡಿದು ಆಟೋ ಹತ್ತುತ್ತಿದ್ದರು. ಕ್ಲಿನಿಕ್‌ನ ಹುಡುಗಿ ಕೈ ಹಿಡಿದು ಮಾತಾಡಿಸುತ್ತಿದ್ದಳು. ವಾಪಸ್ ಬರುವಾಗ ದರ್ಶಿನಿಯಲ್ಲಿ ಕಾಫಿ. ಸಂಜೆಯಾದರೆ “ಸಾಗರಕ್ಕೆ ಬಸ್ ಎಷ್ಟು ಹೊತ್ತಿಗೆ?” ಅಂತ ಶುರುವಾಗುತ್ತಿದ್ದ ಚಡಪಡಿಕೆ ಕಮ್ಮಿಯಾಯಿತು. ನಾನೂ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಸಿಟ್ಟಿಂಗ್ ನಿಂತು ಎರಡು ತಿಂಗಳಾದ ಮೇಲೆ ಅದೇ ಹೊತ್ತಿಗೆ ಸುಮ್ಮನೆ ಆಟೋದಲ್ಲಿ ಕರೆದುಕೊಂಡು ಹೋಗಿ, ಅದೇ ದರ್ಶಿನಿಯಲ್ಲಿ ಕಾಫಿ ಕುಡಿಸಿ ಕರೆತರತೊಡಗಿದೆ. ಅದೇ ಗೆಲುವು!

ಇದಕ್ಕೇ ಒಳ್ಳೆಯ ಪ್ರಯೋಗದಲ್ಲಿ ‘ಸುಳ್ಳು ಚಿಕಿತ್ಸೆ’ಯ ಗುಂಪು ಇರಬೇಕು. ಟಕ ಟಕ ಸದ್ದು ಮಾಡಿದರೂ ಒಳಗೆ ಕರೆಂಟ್ ಹುಟ್ಟಿಸದ ಸುರುಳಿ ಇರುತ್ತದೆ. ಸ್ಪಾಂಜ್ ಯಂತ್ರದಲ್ಲಾದರೆ ಮೊದಲ ಅರ್ಧ ನಿಮಿಷ ಕರೆಂಟ್ ಬಿಟ್ಟು ಚುರುಚುರು ಅನಿಸಿ, ಆಮೇಲೆ ಸದ್ದಿಲ್ಲದೆ ಆರಿಸಿಬಿಡುತ್ತಾರೆ. ರೋಗಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಮೋಸ ನೆನಪು ಅಳೆಯುವ ಪ್ರಶ್ನೆಪತ್ರಿಕೆಯದು. ಅದೇ ಮೂರು ಪದ, ಅದೇ ಗಡಿಯಾರದ ಚಿತ್ರ ವಾರವಾರ ಕೇಳಿದರೆ ಒಂದೆರಡು ಅಂಕ ತಾನಾಗಿಯೇ ಏರುತ್ತದೆ. ಕನ್ನಡ ಮಾತ್ರ ಬರುವವರನ್ನು ಇಂಗ್ಲಿಷ್ ಪರೀಕ್ಷೆಯಲ್ಲಿ ಅಳೆದ ಅಂಕವಂತೂ ಕಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಅವನ್ನೇ ಕೇಳಿ.

ಆನ್‌ಲೈನಲ್ಲಿ ತಲೆಗೆ ಕಟ್ಟೋ ಯಂತ್ರ ಸಿಗುತ್ತೆ. ಮನೇಲೇ ಹಾಕಬಹುದಾ?

ಬೇಡ. ಕರೆಂಟ್ ಕಮ್ಮಿ ಎನ್ನುವುದು ನಿಜ. ಆದರೆ ಸ್ಪಾಂಜ್ ಒಣಗಿದರೆ ಚರ್ಮ ಸುಡುತ್ತದೆ. ವಯಸ್ಸಾದವರ ಚರ್ಮ ಕಾಗದದ ಹಾಗೆ. ಉರಿ ಆಗುತ್ತಿದೆ ಅಂತ ಹೇಳಲು ಡಿಮೆನ್ಶಿಯಾ ಇರುವವರಿಗೆ ಮಾತು ಸಿಗದಿರಬಹುದು. ಸ್ಪಾಂಜ್ ಎರಡು ಬೆರಳು ಆಚೀಚೆ ಆದರೆ ಕರೆಂಟಿನ ದಾರಿಯೇ ಬೇರೆ, ಪ್ಲಸ್ ಮೈನಸ್ ಅದಲುಬದಲಾದರೆ ಪರಿಣಾಮವೂ ತಿರುಗಬಹುದು. ಹೊರದೇಶಗಳ ಅಧ್ಯಯನಗಳಲ್ಲಿ ಮನೆಯಲ್ಲಿ ಕೊಡುವುದುಂಟು. ಅಲ್ಲಿ ಮನೆಯವರಿಗೆ ತರಬೇತಿ ಇರುತ್ತದೆ, ಡೋಸ್ ಲಾಕ್ ಆಗಿರುತ್ತದೆ.

ಯಾರಿಗೆ ಮಾಡಲೇಬಾರದು?

ತಲೆಯೊಳಗೆ ಲೋಹದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸಿದ ಯಂತ್ರ) ಇದ್ದವರಿಗೆ ಮ್ಯಾಗ್ನೆಟ್ ಬೇಡ. ಪೇಸ್‌ಮೇಕರ್ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ಬಹಳ ಅಪರೂಪ, ಆದರೆ ಬರುವುದುಂಟು. ತಲೆನೋವು, ನೆತ್ತಿ ನೋವು ಸಾಮಾನ್ಯ. ಡಿಬಿಎಸ್‌ನಲ್ಲಿ ರಕ್ತಸ್ರಾವ, ಸೋಂಕಿನ ಅಪಾಯ ಇದೆ. ಎಷ್ಟಾದರೂ ಅದು ಮಿದುಳಿನ ಆಪರೇಷನ್.

ನಮ್ಮ ಪಕ್ಕದ ಮನೆಯವರಿಗೆ ಪಾರ್ಕಿನ್ಸನ್‌ಗೆ ಡಿಬಿಎಸ್ ಮಾಡಿ ಕೈನಡುಕ ನಿಂತಿದೆ. ನಮಗ್ಯಾಕೆ ಮಾಡಲ್ಲ?

ನಡುಕಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1987ರಿಂದ ಬೆಳೆದುಬಂದ ವಿದ್ಯೆ. ಅಲ್ಲಿ ತಪ್ಪು ತಾಳ ಹೊಡೆಯುತ್ತಿರುವ ಒಂದು ಸಣ್ಣ ಜಾಗ ಇರುತ್ತದೆ, ಅದನ್ನು ತಡೆದರೆ ಸಾಕು. ಮರೆವಿನಲ್ಲಿ ತಂತಿ ಕಡಿದ ಮನೆಗೆ ವೋಲ್ಟೇಜ್ ಏರಿಸಿದ ಹಾಗೆ. ಪಾರ್ಕಿನ್ಸನ್ ಇರುವವರಿಗೂ ಡಿಮೆನ್ಶಿಯಾ ಬಲಿತಿದ್ದರೆ ಸಾಮಾನ್ಯವಾಗಿ ಡಿಬಿಎಸ್ ಮಾಡುವುದಿಲ್ಲ, ಗೊಂದಲ ಜಾಸ್ತಿಯಾಗುವ ಭಯ.

ಕ್ಲಿನಿಕ್‌ನವರು ‘ಎಫ್‌ಡಿಎ ಒಪ್ಪಿಗೆ ಇದೆ’ ಅಂತಾರಲ್ಲ?

ಯಾವುದಕ್ಕೆ ಅಂತ ಕೇಳಿ. ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2008ರಲ್ಲಿ ಟಿಎಂಎಸ್‌ಗೆ ಒಪ್ಪಿಗೆ ಕೊಟ್ಟದ್ದು ಖಿನ್ನತೆಗೆ. 2018ರಲ್ಲಿ ಗೀಳು ಕಾಯಿಲೆಗೆ. ಆಲ್ಝೈಮರ್ಸ್‌ಗೆ ಅಂತ ಮ್ಯಾಗ್ನೆಟ್ ಮತ್ತು ಮಿದುಳಿನ ಕಸರತ್ತು ಸೇರಿಸಿದ ಒಂದು ಇಸ್ರೇಲಿ ಯಂತ್ರ 2019ರಲ್ಲಿ ಎಫ್‌ಡಿಎಯ ತಜ್ಞರ ಮುಂದೆ ಹೋಗಿತ್ತು. ಉಪಯೋಗ ಸಾಬೀತಾಗಿದೆ ಅಂತ ಅವರಿಗೆ ಅನಿಸಲಿಲ್ಲ. ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲೇ ನೇರವಾಗಿ ಹೇಳಿದೆ: ಪ್ರಯೋಗದ ಭಾಗವಾಗಿ ಹೊರತು ಆಲ್ಝೈಮರ್ಸ್‌ಗೆ ಇಂಥ ಹೊರಗಿನ ಕರೆಂಟ್, ಮ್ಯಾಗ್ನೆಟ್ ಕೊಡಬೇಡಿ.

ಯಂತ್ರ ಅದೇ ಆಗಿರಬಹುದು. ಒಪ್ಪಿಗೆ ಯಂತ್ರಕ್ಕಲ್ಲ, ಇಂಥ ಕಾಯಿಲೆಗೆ ಅಂತ ಸಿಗುತ್ತದೆ. ನನಗೆ ಇದು ದುಡ್ಡು ಕಟ್ಟಿದ ಮೇಲೆ ಗೊತ್ತಾಯಿತು.

ಹಾಗಾದ್ರೆ ಪ್ರಯೋಗಕ್ಕೆ ಸೇರೋದು ಹೇಗೆ? ಬೆಂಗಳೂರಲ್ಲಿ ಯಾರನ್ನ ಕೇಳಬೇಕು?

ನಿಮ್ಹಾನ್ಸ್‌ನಲ್ಲಿ ಮರೆವಿನ ತೊಂದರೆಗಳಿಗೇ ಕ್ಲಿನಿಕ್ ಇದೆ. ಟಿಎಂಎಸ್, ಟಿಡಿಸಿಎಸ್ ಬಳಸಿ ಮನೋರೋಗಗಳ ಸಂಶೋಧನೆಯೂ ಅಲ್ಲಿ ನಡೆಯುತ್ತದೆ. ಮೊದಲು ಅಲ್ಲೋ ನಿಮ್ಮ ಊರಿನ ನರರೋಗ ತಜ್ಞರ ಹತ್ತಿರವೋ ಕಾಯಿಲೆ ಯಾವುದು ಅಂತ ಖಚಿತ ಮಾಡಿಸಿಕೊಳ್ಳಿ. ಯಾರಾದರೂ ‘ಇದು ಟ್ರಯಲ್’ ಅಂದರೆ ಸಿಟಿಆರ್‌ಐ ನಂಬರ್ ಕೇಳಿ. ಭಾರತದಲ್ಲಿ 2009ರಿಂದ ಪ್ರಯೋಗಗಳನ್ನು ಆ ಸರ್ಕಾರಿ ಪಟ್ಟಿಯಲ್ಲಿ ದಾಖಲಿಸಬೇಕು. ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಯೋಗದ ಖರ್ಚನ್ನು ರೋಗಿಯ ಮೇಲೆ ಹಾಕುವಂತಿಲ್ಲ. ಟ್ರಯಲ್ ಅಂತ ಹೇಳಿ ಪ್ಯಾಕೇಜ್ ದುಡ್ಡು ಕೇಳಿದರೆ ಎದ್ದು ಬನ್ನಿ.

ಇದನ್ನ ಮಾಡಿಸಿದ್ರೆ ಮಾತ್ರೆ ನಿಲ್ಲಿಸಬಹುದಾ?

ಬೇಡ. ಡೊನೆಪೆಜಿಲ್, ಮೆಮಂಟೈನ್ ಮುಂತಾದವು ಕೊಡುವ ಉಪಯೋಗ ಚಿಕ್ಕದು, ಆದರೆ ಸಾವಿರಾರು ಜನರಲ್ಲಿ ನೋಡಿದ್ದು. ಮೇಲೆ ಹೇಳಿದ ಬಹುತೇಕ ಪ್ರಯೋಗಗಳಲ್ಲೂ ರೋಗಿಗಳು ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಬ್ಬರಿಗೆ ಆಗುತ್ತೆ, ಇನ್ನೊಬ್ಬರಿಗೆ ಆಗಲ್ಲ. ಯಾಕೆ ಹೀಗೆ?

ಮೊದಲನೆಯದಾಗಿ, ಕರೆಂಟ್ ಒಳಗೆ ಹೋಗುವುದೇ ಕಷ್ಟ. ಶವಗಳ ಮೇಲೆ ಅಳೆದು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ನೆತ್ತಿಗೆ ಕೊಟ್ಟ ಕರೆಂಟಿನ ಸುಮಾರು ಮುಕ್ಕಾಲು ಪಾಲು ಚರ್ಮ ಮತ್ತು ಬುರುಡೆಯಲ್ಲೇ ಹೋಗುತ್ತದೆ. ಆಲ್ಝೈಮರ್ಸ್‌ನಲ್ಲಿ ಮಿದುಳು ಕುಗ್ಗಿ, ನಡುವಿನ ಜಾಗದಲ್ಲಿ ನೀರು ತುಂಬಿರುತ್ತದೆ. ಉಪ್ಪುನೀರು ಕರೆಂಟಿಗೆ ಸುಲಭದ ದಾರಿ. ಅದು ಆ ಕಡೆ ಸೋರುತ್ತದೆ. ಒಬ್ಬೊಬ್ಬರ ಬುರುಡೆ ದಪ್ಪವೂ ಬೇರೆ.

ಎರಡನೆಯದು, ಕರೆಂಟ್ ಯಾವ ಹೊತ್ತಿಗೆ ಕೊಡುತ್ತಾರೆ ಎನ್ನುವುದು. ಫಿಟ್ಸ್ ಚಿಕಿತ್ಸೆಗಾಗಿ ತಲೆಯೊಳಗೆ ತಂತಿ ಇಟ್ಟುಕೊಂಡಿದ್ದ ರೋಗಿಗಳಲ್ಲಿ ಇದನ್ನು ನೋಡಿದ್ದಾರೆ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಏಳು ಮಂದಿಗೆ ಹಿಪೊಕ್ಯಾಂಪಸ್ ಬಾಗಿಲಲ್ಲಿರುವ ಜಾಗಕ್ಕೆ ಕರೆಂಟ್ ಕೊಟ್ಟಾಗ ದಾರಿ ನೆನಪಿಡುವುದು ಸುಧಾರಿಸಿತು. 2016ರಲ್ಲಿ ಇನ್ನೊಂದು ತಂಡ ಹೆಚ್ಚು ಜನರಲ್ಲಿ ಅದೇ ಸುತ್ತಮುತ್ತ ಕೊಟ್ಟಾಗ ನೆನಪು ಕೆಟ್ಟಿತು! ಪೆನ್ಸಿಲ್ವೇನಿಯಾದ ಮೈಕೇಲ್ ಕಹಾನಾ ತಂಡ 2018ರಲ್ಲಿ ಉಪಾಯ ಬದಲಿಸಿತು. ಮಿದುಳಿನ ಅಲೆಯನ್ನು ಕಂಪ್ಯೂಟರ್ ಓದುತ್ತಾ ಇರುತ್ತದೆ. ಈ ಪದ ಈಗ ತಲೆಗೆ ಹತ್ತುತ್ತಿಲ್ಲ ಅಂತ ಅನಿಸಿದ ಕ್ಷಣಕ್ಕೆ ಮಾತ್ರ ಕರೆಂಟ್. ಹಾಗೆ ಮಾಡಿದಾಗ ಪದ ನೆನಪಾಗುವುದು ಸುಮಾರು 15 ಶೇಕಡಾ ಹೆಚ್ಚಿತು. ಪಾಠ ಕೇಳುತ್ತಿರುವ ಮಗುವಿನ ಬೆನ್ನು ತಟ್ಟಿದರೆ ಗಮನ ಹೋಗುತ್ತದೆ, ತೂಕಡಿಸುವ ಮಗುವಿಗೆ ತಟ್ಟಿದರೆ ಎಚ್ಚರವಾಗುತ್ತದೆ. ಇಪ್ಪತ್ತು ನಿಮಿಷ ಒಂದೇ ಸಮನೆ ತಟ್ಟುವ ಯಂತ್ರಕ್ಕೆ ಈ ಭೇದ ಗೊತ್ತಿಲ್ಲ.

ಆರೋಗ್ಯವಾಗಿರೋ ಮುದುಕರಿಗೆ ನೆನಪು ಹೆಚ್ಚಿಸಿದ್ದಾರಂತಲ್ಲ, ಅದು ನಮಗೂ ಆಗಲ್ವಾ?

ಬಾಸ್ಟನ್‌ನ ರಾಬರ್ಟ್ ರೈನ್‌ಹಾರ್ಟ್ ತಂಡದ 2022ರ ವರದಿ ಅದು. 65ರಿಂದ 88 ವಯಸ್ಸಿನ 150 ಮಂದಿ, ನಾಲ್ಕು ದಿನ, ದಿನಕ್ಕೆ 20 ನಿಮಿಷ ಅಲೆ ಕರೆಂಟ್. ಪದಗಳ ಪಟ್ಟಿ ನೆನಪಿಡುವುದು ಸುಧಾರಿಸಿ ಒಂದು ತಿಂಗಳು ಉಳಿಯಿತು. ಅವರಲ್ಲಿ ಯಾರಿಗೂ ಡಿಮೆನ್ಶಿಯಾ ಇರಲಿಲ್ಲ. ಪಟ್ಟಿಯ ಪದ ಹೇಳುವುದಕ್ಕೂ ಗ್ಯಾಸ್ ಆರಿಸಲು ನೆನಪಿಡುವುದಕ್ಕೂ ಎಷ್ಟು ನಂಟು ಎನ್ನುವುದೂ ಬಾಕಿಯೇ.

ಕರೆಂಟ್ ಬಿಟ್ಟು ಇವತ್ತು ನಾನು ಮಾಡಬಹುದಾದ್ದು ಏನಾದ್ರೂ ಇದೆಯಾ?

ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಹದಿನಾಲ್ಕು ಕಾರಣಗಳ ಪಟ್ಟಿ ಕೊಟ್ಟಿದೆ. ಇವನ್ನೆಲ್ಲ ಹಿಡಿತದಲ್ಲಿಟ್ಟರೆ ಜಗತ್ತಿನ ಸುಮಾರು 45 ಶೇಕಡಾ ಡಿಮೆನ್ಶಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎನ್ನುವುದು ಅವರ ಲೆಕ್ಕ. ಬಿಪಿ, ಶುಗರ್, ಕೊಲೆಸ್ಟರಾಲ್, ಸಿಗರೇಟು ಎಲ್ಲರಿಗೂ ಗೊತ್ತು. ಕಿವಿ, ಕಣ್ಣು ಮಾತ್ರ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕಿವಿ ಕೇಳದವರ ಜೊತೆ ಮನೆಯವರು ಮಾತು ಕಮ್ಮಿ ಮಾಡುತ್ತಾರೆ, ಅವರು ಮೂಲೆ ಸೇರುತ್ತಾರೆ. ಅಮ್ಮನಿಗೆ ಕಿವಿ ಯಂತ್ರ ಹಾಕಿಸಿದ್ದು ತುಂಬಾ ತಡವಾಗಿ. ಮ್ಯಾಗ್ನೆಟ್‌ಗೆ ಕಟ್ಟಿದ ದುಡ್ಡಿನಲ್ಲಿ ಒಳ್ಳೆಯದೇ ಬರುತ್ತಿತ್ತು.

ಎರಡು ಭಾಷೆ ಆಡುವವರಿಗೆ ಕಾಯಿಲೆ ತಡವಾಗಿ ಕಾಣಿಸಿಕೊಳ್ಳುತ್ತದೆ ಅಂತ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನ 648 ರೋಗಿಗಳಲ್ಲಿ 2013ರಲ್ಲಿ ಕಂಡಿತು. ವ್ಯತ್ಯಾಸ ಸುಮಾರು ನಾಲ್ಕೂವರೆ ವರ್ಷ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ ಆಡುವ ನಮ್ಮ ಕರಾವಳಿಯವರಿಗೆ ಇದು ಖರ್ಚಿಲ್ಲದ ಕಸರತ್ತು. ನೋಡಿಕೊಳ್ಳುವವರಿಗೇ ಸಾಕಾಗಿಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567.

ಅಪ್ಪನಿಗೆ ಏನೂ ಅರ್ಥ ಆಗಲ್ಲ. ಅವರ ಪರವಾಗಿ ನಾನೇ ಸಹಿ ಹಾಕಿ ಮಾಡಿಸಬಹುದಾ?

ಕಾಯಿಲೆ ಬಲಿತು ಸ್ವತಃ ಒಪ್ಪಿಗೆ ಕೊಡಲಾಗದಿದ್ದರೆ ಕಾನೂನುಬದ್ಧ ಪ್ರತಿನಿಧಿ ಸಹಿ ಹಾಕಬಹುದು. ಪ್ರಯೋಗವಾದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಮಾಮೂಲಿ ಚಿಕಿತ್ಸೆಗೆ ಅದರಿಂದ ತೊಂದರೆ ಆಗಬಾರದು. ಆದರೆ ಅರ್ಥ ಆಗಲ್ಲ ಅಂದರೆ ಬೇಡ ಅನ್ನಲು ಬರಲ್ಲ ಅಂತಲ್ಲ. ಮುಖ ತಿರುಗಿಸುವುದು, ತಲೆಗೆ ಕಟ್ಟಿದ ಪಟ್ಟಿ ಕೀಳುವುದು, ಕುರ್ಚಿ ಕಂಡೊಡನೆ ಕಾಲು ಹಿಂದೆಳೆಯುವುದು, ಇವೆಲ್ಲ ಉತ್ತರಗಳೇ.

ಹನ್ನೆರಡನೇ ಸಿಟ್ಟಿಂಗ್‌ನಲ್ಲಿ ಅಮ್ಮ ಸುರುಳಿಯನ್ನು ಕೈಯಿಂದ ತಳ್ಳಿದರು. “ಅವತ್ತಿಂದ ಬಡೀತಾನೇ ಇದಾರೆ, ಇಷ್ಟು ಜನ ಇದ್ದೀರಿ, ಯಾರೂ ಬಾಗಿಲು ತೆಗೀತಿಲ್ವಲ್ಲ” ಅಂತ ಕುರ್ಚಿಯಿಂದ ಏಳಲು ಹೊರಟರು. ಹುಡುಗಿ ಭುಜ ಹಿಡಿದು “ಇನ್ನು ನಾಲ್ಕೇ ನಿಮಿಷ ಅಜ್ಜಿ” ಅಂದಳು. ನಾನು ನಿಲ್ಲಿಸಿ ಅಂದೆ. ಮಿಕ್ಕ ಎಂಟು ಸಿಟ್ಟಿಂಗ್‌ನ ದುಡ್ಡು ವಾಪಸ್ ಬರಲಿಲ್ಲ.